ಇಕ್ಕಟ್ಟಾದ ಬಾನೆಟ್ಟಿನೊಳಗೆ ಟರ್ಬೊ ಕೂರಿಸುವುದು ಹೇಗೆ?

ಪುಟ್ಟ ಸ್ಪೋರ್ಟ್ಸ್ ಕಾರಾದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರ 1.6 ಲೀಟರ್ ಎಂಜಿನ್‌ಗೆ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಕಿಟ್‌ಗಳು ಸಿಗುತ್ತವೆ, ಆದರೆ ಬಾನೆಟ್ಟಿನೊಳಗೆ ಜಾಗ ಸಿಗುವುದು ಕಷ್ಟ. ಸ್ಟೀರಿಂಗ್ ಎಡಕ್ಕಿರುವ ಕಾರುಗಳಲ್ಲಿ ಎಕ್ಸಾಸ್ಟ್ (ಹೊಗೆ ಹೊರಹೋಗುವ) ಬದಿಯಲ್ಲೇ ಸ್ಟೀರಿಂಗ್ ಶಾಫ್ಟ್, ಬ್ರೇಕ್ ಮತ್ತು ಕ್ಲಚ್ ಮಾಸ್ಟರ್ ಸಿಲಿಂಡರ್‌ಗಳೂ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗಗಳು) ಇರುತ್ತವೆ. (ಭಾರತದಲ್ಲಿ ಇಂಥ ಬದಲಾವಣೆ ಮಾಡಿದ ಕಾರನ್ನು ರಸ್ತೆಗಿಳಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ಟ್ರ್ಯಾಕ್‌ಗಷ್ಟೇ ಸರಿ.)

ಮೊದಲು ಕಂಪ್ರೆಷನ್ (ಸಿಲಿಂಡರ್‌ಗಳಲ್ಲಿ ಏಳುವ ಒತ್ತಡ) ಪರೀಕ್ಷಿಸಿ. ಸವೆದ ಎಂಜಿನ್‌ಗೆ ಟರ್ಬೊ ಹಾಕಬೇಡಿ.

ಎರಡೇ ನಟ್ ಬಿಗಿದು ಟರ್ಬೊವನ್ನು ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸುವ ಕೊಳವೆ) ಸುಮ್ಮನೆ ಜೋಡಿಸಿ, ಎಂಜಿನ್ ಮೇಲೆ ಕೂರಿಸಿ ನೋಡಿ. ಕಂಪ್ರೆಸರ್ (ಗಾಳಿ ಒತ್ತುವ ಬದಿ) ಮತ್ತು ಟರ್ಬೈನ್ (ಹೊಗೆಯಿಂದ ತಿರುಗುವ ಬದಿ) ಹೌಸಿಂಗ್‌ಗಳ ಬೋಲ್ಟ್ ಸಡಿಲಿಸಿದರೆ ಎರಡನ್ನೂ ಬೇಕಾದತ್ತ ತಿರುಗಿಸಬಹುದು. ನಡುವಿನ ಬೇರಿಂಗ್ ಹೌಸಿಂಗ್‌ನಲ್ಲಿ ಮಾತ್ರ ಆಯಿಲ್ ಬರುವ ತೂತು ಮೇಲೆ, ಇಳಿಯುವ ತೂತು ನೇರ ಕೆಳಗೆ ಇರಲೇಬೇಕು. ಓಡುವಾಗ ಎಂಜಿನ್ ಮೌಂಟ್‌ಗಳ ಮೇಲೆ ತೂಗಾಡುವುದನ್ನು ಮರೆಯಬೇಡಿ. ಸ್ಟೀರಿಂಗ್ ಶಾಫ್ಟ್ ಮೇಲೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಮೀಟುಗೋಲಿನಿಂದ ಎಂಜಿನ್ ಅಲುಗಾಡಿಸಿ. ಒತ್ತಿದ ಹಿಟ್ಟಿನ ದಪ್ಪ 12 ಮಿ.ಮೀ.ಗಿಂತ ಕಡಿಮೆಯಾದರೆ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಕೆಳಗೊಯ್ಯುವ ಕೊಳವೆ) ಬದಲಿಸಿ.

ಆಯಿಲ್ ಪೂರೈಕೆಯನ್ನು ಇನ್‌ಟೇಕ್ ಬದಿಯ ಆಯಿಲ್ ಪ್ರೆಷರ್ ಸೆಂಡರ್‌ನ ತೂತಿನಿಂದ ಟಿ ಹಾಕಿ ತೆಗೆಯಿರಿ. ಅಲ್ಲಿರುವುದು 1/8 ಬಿಎಸ್‌ಪಿಟಿ (ಬ್ರಿಟಿಷ್ ಮಾದರಿಯ ಕೊಳವೆ ಎಳೆ), ಇಂಚಿಗೆ 28 ಎಳೆ. ನೋಡಲು ಹಾಗೇ ಇರುವ ಎನ್‌ಪಿಟಿ (ಅಮೆರಿಕದ ಮಾದರಿ) ಫಿಟ್ಟಿಂಗ್‌ಗೆ 27 ಎಳೆ. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚಿಕೊಂಡು ಎಳೆ ಕೆಡಿಸುತ್ತದೆ. ಬಾಲ್ ಬೇರಿಂಗ್ ಟರ್ಬೊ ಆದರೆ ಪೂರೈಕೆಯಲ್ಲಿ ಸುಮಾರು 1 ಮಿ.ಮೀ. ರೆಸ್ಟ್ರಿಕ್ಟರ್ (ಹರಿವು ತಗ್ಗಿಸುವ ಕಿರುತೂತು) ಬೇಕು.

ಹೆಚ್ಚು ಕೆಲಸ ಕೆಡುವುದು ಆಯಿಲ್ ವಾಪಸಾಗುವ ಹಾದಿಯಲ್ಲಿ. ಅಲ್ಲಿ ಒತ್ತಡವಿಲ್ಲ, ನೊರೆಯಾದ ಆಯಿಲ್ ತನ್ನ ತೂಕದಿಂದಲೇ ಜಾರಬೇಕು. ಹೋಸ್‌ನ ಒಳವ್ಯಾಸ 13 ಮಿ.ಮೀ.ಗಿಂತ ಕಡಿಮೆಯಿರಬಾರದು. ಎಲ್ಲೂ ಕೆಳಗಿಳಿದು ಮತ್ತೆ ಮೇಲೇರಬಾರದು. ಸಂಪ್‌ನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆಯಿಲ್ ಟರ್ಬೊದಲ್ಲೇ ನಿಂತು ಸೀಲ್ ದಾಟಿ, ಐಡಲ್‌ನಲ್ಲಿ ನೀಲಿ ಹೊಗೆ ಬರುತ್ತದೆ. ಎಷ್ಟೋ ಜನ ಇದಕ್ಕೆ ಟರ್ಬೊವನ್ನೇ ದೂರಿ ಹೊಸದು ಕೊಳ್ಳುತ್ತಾರೆ.

ಸಂಪ್ ಬಿಚ್ಚಬೇಕೆಂದರೆ ಎಂಜಿನ್ ಎತ್ತಬೇಕು ಇಲ್ಲವೇ ಸಬ್‌ಫ್ರೇಮ್ ಇಳಿಸಬೇಕು. ಹಾಗಾಗಿ ಹೆಚ್ಚಿನವರು ಸಂಪ್ ಕಾರಿನಲ್ಲಿರುವಾಗಲೇ ಅದಕ್ಕೆ ಈ ಹೋಸ್‌ಗಾಗಿ ತೂತು ಕೊರೆಯುತ್ತಾರೆ. ಆಗ ಡ್ರಿಲ್ ಬಿಟ್‌ಗೂ ಟ್ಯಾಪ್‌ಗೂ (ಎಳೆ ಕೊರೆಯುವ ಉಪಕರಣ) ದಪ್ಪಗೆ ಗ್ರೀಸ್ ಮೆತ್ತಿ, ಅರ್ಧ ಸುತ್ತಿಗೊಮ್ಮೆ ಹೊರತೆಗೆದು ಒರೆಸಿ. ಕೊನೆಗೆ ಅಗ್ಗದ ಆಯಿಲ್ ಸುರಿದು, ಡ್ರೈನ್ ಪ್ಲಗ್‌ನಿಂದ ಹೊಳೆಯುವ ಚೂರು ಬರುವುದು ನಿಲ್ಲುವವರೆಗೆ ತೊಳೆಯಿರಿ.

ಈ ಕಾರಿನಲ್ಲಿ ಟರ್ಬೊ–ಮ್ಯಾನಿಫೋಲ್ಡ್ ನಡುವಿನ ಸ್ಟಡ್‌ಗಳು ಸಡಿಲಾಗುವುದು ಎಲ್ಲರಿಗೂ ಗೊತ್ತಿರುವ ಕಾಟ. ಕೆಂಪಗೆ ಕಾದು ತಣಿಯುವಾಗ ಸಾಮಾನ್ಯ ಉಕ್ಕು ಎಳೆದುಕೊಂಡು ಉದ್ದವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇನ್‌ಕೊನೆಲ್ (ಶಾಖ ತಾಳುವ ನಿಕಲ್ ಮಿಶ್ರಲೋಹ) ಸ್ಟಡ್, ಲಾಕಿಂಗ್ ನಟ್ ಬಳಸಿ. ಫ್ಲೇಂಜ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟಾಗ 0.1 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಒಳಹೋದರೆ ಮೆಷಿನಿಂಗ್ ಮಾಡಿಸಿ. ಡೌನ್‌ಪೈಪ್ ಭಾರವನ್ನು ಗೇರ್‌ಬಾಕ್ಸ್‌ಗೆ ಬ್ರಾಕೆಟ್ ಹಾಕಿ ಹೊರಿಸಿ. ಅದು ಟರ್ಬೊದಿಂದಲೇ ನೇತಾಡಿದರೆ ಯಾವ ಸ್ಟಡ್ಡೂ ಬಾಳದು.

ಡಾಟ್ 4 ಬ್ರೇಕ್ ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಆದ್ದರಿಂದ ಮಾಸ್ಟರ್ ಸಿಲಿಂಡರ್ ಮತ್ತು ಟರ್ಬೈನ್ ನಡುವೆ ತಗಡಿನ ಶೀಲ್ಡ್ ಇರಲಿ, ಅದರ ಎರಡೂ ಬದಿ ಗಾಳಿಯಾಡಲಿ. ಬ್ರೇಕ್ ಆಯಿಲನ್ನೂ ಹೊಸದಾಗಿ ತುಂಬಿ.

ಮೂಲ ಕಂಪ್ರೆಷನ್ ಅನುಪಾತ 9.4:1. ದೊಡ್ಡ ಇಂಜೆಕ್ಟರ್, ಪ್ರೋಗ್ರಾಂ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈಡ್‌ಬ್ಯಾಂಡ್ ಮೀಟರ್ (ಗಾಳಿ–ಇಂಧನ ಅನುಪಾತ ತೋರಿಸುವುದು) ಇಲ್ಲದೆ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯೊತ್ತಡ) ಮುಟ್ಟಬೇಡಿ. ಒಂದು ಹಂತ ತಣ್ಣಗಿನ ಪ್ಲಗ್ ಹಾಕಿ 0.7 ಮಿ.ಮೀ. ಗ್ಯಾಪ್ ಇಡಿ. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಕವಾಟ) ಸ್ಪ್ರಿಂಗ್ 0.4 ಬಾರ್‌ನಿಂದ ಶುರುವಾಗಲಿ, ಬೂಸ್ಟ್‌ನಲ್ಲಿ ಗಾಳಿ–ಇಂಧನ ಅನುಪಾತ 11.5:1ರ ಆಸುಪಾಸಿರಲಿ.

ಸ್ಟಾರ್ಟ್ ಮಾಡುವ ಮುನ್ನ ಟರ್ಬೊದ ಆಯಿಲ್ ತೂತಿಗೆ ಸ್ವಲ್ಪ ಆಯಿಲ್ ಹನಿಸಿ. ಇಗ್ನಿಷನ್ ಮತ್ತು ಇಂಜೆಕ್ಟರ್ ಕಳಚಿ, ಸಂಪ್ ಕಡೆಯ ಹೋಸ್ ತುದಿಯನ್ನು ಡಬ್ಬಿಗೆ ಬಿಟ್ಟು, ಆಯಿಲ್ ಕಾಣುವವರೆಗೆ ತುಸು ತುಸುವೇ ಕ್ರ್ಯಾಂಕ್ ಮಾಡಿ. ಹೋಸ್ ಜೋಡಿಸಿ ಐಡಲ್‌ನಲ್ಲೇ ಓಡಿಸುತ್ತ ಸೋರಿಕೆ ಹುಡುಕಿ. ಕೆಲವು ಬಾರಿ ಕಾದು ತಣಿದ ಮೇಲೆ ಪ್ರತಿ ನಟ್‌ಗೂ ಸ್ಪ್ಯಾನರ್ ಹಾಕಿ ನೋಡಿ. ಒಂದೇ ಒಂದು ತಿರುಗಿದರೂ ಅದನ್ನಷ್ಟೇ ಬಿಗಿದು ಬಿಡಬೇಡಿ, ಡೌನ್‌ಪೈಪ್ ಬ್ರಾಕೆಟ್‌ನಲ್ಲಿ ಬಿರುಕಿದೆಯೇ ಎಂದು ಟಾರ್ಚ್ ಬಿಟ್ಟು ಪರೀಕ್ಷಿಸಿ.