ನ್ಯೂಜಿಲೆಂಡಿಗೆ ಹೋದಾಗ ಅಲ್ಲಿ ಕಾರು ತಗೊಳೋದು, ಇನ್ಶೂರೆನ್ಸ್ ಮಾಡಿಸೋದು ಹೇಗೆ

ತೀರ್ಥಹಳ್ಳಿ, ಸಾಗರ ಕಡೆಯಿಂದ ಮಗಳ ಮನೆಗೋ ಮಗನ ಮನೆಗೋ ಅಂತ ನಾಲ್ಕೈದು ತಿಂಗಳು ನ್ಯೂಜಿಲೆಂಡಿಗೆ ಹೋಗೋರು ವಿಸಿಟರ್ ವೀಸಾದಲ್ಲೇ ಸೆಕೆಂಡ್ ಹ್ಯಾಂಡ್ ಕಾರು ತಗೋಬಹುದು. ಹೊರಡೋ ಮುಂಚೆ ನಿಮ್ಮ ಕಡೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ, ಒರಿಜಿನಲ್ ಡಿಎಲ್ಲೂ ಜೊತೆಗಿರ್ಲಿ.

ಕಾರು ನೋಡುವಾಗ ಮೊದ್ಲು ವಾರಂಟ್ ಆಫ್ ಫಿಟ್‌ನೆಸ್ (ಗಾಡಿ ಓಡಿಸೋಕೆ ಸುರಕ್ಷಿತ ಅಂತ ಚೆಕ್ ಮಾಡಿ ಕೊಡೋ ಸರ್ಟಿಫಿಕೇಟ್) ಕೇಳಿ, ಮಾರೋವಾಗ ಅದು ಒಂದು ತಿಂಗಳಿಗಿಂತ ಹಳೇದಿರಬಾರದು ಅಂತ ರೂಲ್ ಇದೆ, ಇದ್ದ ಹಾಗೇ ತಗೋತೀನಿ ಅಂತ ನೀವು ಬರ್ಕೊಟ್ರೆ ಮಾತ್ರ ಆ ರೂಲ್ ಬಿಟ್ಟುಹೋಗುತ್ತೆ, ಹಾಗಾಗಿ ದಯವಿಟ್ಟು ಬರ್ಕೊಡಬೇಡಿ. ಕಾರಿನ ಮೇಲೆ ಹಳೇ ಸಾಲ ಇದ್ಯಾ ಅಂತ ಪಿಪಿಎಸ್‌ಆರ್ ಅನ್ನೋ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ನೋಡ್ಕೊಳ್ಳಿ, ಇದ್ರೆ ಸಾಲ ಕೊಟ್ಟೋರು ಗಾಡಿನೇ ಎತ್ಕೊಂಡು ಹೋಗಬಹುದು. ಕಾರನ್ನ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳೋಕೆ ತಡ ಮಾಡ್ಬೇಡಿ.

ಇನ್ನು ಇನ್ಶೂರೆನ್ಸ್. ನಮ್ಮಲ್ಲಿ ಥರ್ಡ್ ಪಾರ್ಟಿ ಕಡ್ಡಾಯ, ಅಲ್ಲಿ ಕಡ್ಡಾಯ ಇಲ್ಲ, ಅದಕ್ಕೇ ಸುಮಾರು ಜನ ಬೇಡ ಅಂತಾರೆ, ನನ್ ಪ್ರಕಾರ ಅದು ದೊಡ್ಡ ತಪ್ಪು. ಆಕ್ಸಿಡೆಂಟಲ್ಲಿ ಗಾಯ ಆದ್ರೆ ಎಸಿಸಿ ಅನ್ನೋ ಸರ್ಕಾರಿ ವ್ಯವಸ್ಥೆ ವಿಸಿಟರ್‌ಗಳ ಚಿಕಿತ್ಸೆಗೂ ನೆರವಾಗುತ್ತೆ, ಆದ್ರೆ ಎದುರಿನವರ ಕಾರು ಜಖಂ ಮಾಡಿದ್ರೆ ಪೂರ್ತಿ ನಿಮ್ಮ ಜೇಬಿಂದಲೇ. ಹಾಗಾಗಿ ಎಷ್ಟೇ ಅಗ್ಗದ ಕಾರಿದ್ರೂ ಥರ್ಡ್ ಪಾರ್ಟಿ ಆದ್ರೂ ಮಾಡಿಸಿ. ಇಂಡಿಯನ್ ಲೈಸೆನ್ಸ್ ಅಂತ ಮೊದಲೇ ಹೇಳಿಬಿಡಿ, ಮುಚ್ಚಿಟ್ರೆ ಕ್ಲೇಮ್ ರಿಜೆಕ್ಟ್ ಆಗಬಹುದು, ಅಳಿಯನೋ ಸೊಸೆನೋ ಓಡಿಸೋದಾದ್ರೆ ಅವರ ಹೆಸರೂ ಸೇರಿಸಿ.