ಮಳೆಗಾಲಕ್ಕೆ ಸೌತೆಕಾಯಿ ಕಟ್ಟಿಡುವುದು ಹೇಗೆ?

ಚಳಿ ದೇಶಗಳಲ್ಲಿ ಬೆಳೆದ ತರಕಾರಿ ಕಾಪಿಡಲು ನೆಲದಡಿ ಕೋಣೆ ತೋಡುತ್ತಾರೆ. ಕರಾವಳಿಯಲ್ಲಿ ತೋಡಿದರೆ ಜೂನ್ ಮುಗಿಯುವಷ್ಟರಲ್ಲಿ ಅದು ಬಾವಿ! ಹಾಗಾಗಿ ದಕ್ಷಿಣ ಕನ್ನಡ, ಉಡುಪಿಯ ಹಳೆ ಮನೆಗಳಲ್ಲಿ ತರಕಾರಿ ಮೇಲೇರಿತು. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಬೆಳೆದ ಮಂಗಳೂರು ಸೌತೆ ಅಡುಗೆಮನೆಯ ಪಕ್ಕಾಸಿಗೆ, ಅಂದರೆ ಮಾಡಿನ ಮರದ ಪಟ್ಟಿಗೆ, ತೂಗುಬಿದ್ದು, ಮಳೆ ಜೋರಾಗಿರುವ ತುಳುವರ ಆಟಿ ತಿಂಗಳಲ್ಲೂ (ಜುಲೈ-ಆಗಸ್ಟ್) ಹುಳಿಗೆ ಒದಗುತ್ತಿತ್ತು. ಹಸಿಯಾಗಿ ತಿನ್ನುವ ಮುಳ್ಳುಸೌತೆಗೆ ಈ ಉಪಾಯ ನಡೆಯದು.

ಕಾಯಿ ಎಷ್ಟು ಕಾಲ ಉಳಿಯುತ್ತದೆ ಎನ್ನುವುದು ಬಹುಮಟ್ಟಿಗೆ ಕೊಯ್ಯುವ ದಿನವೇ ತೀರ್ಮಾನವಾಗುತ್ತದೆ. ಬಳ್ಳಿ ಒಣಗುತ್ತ ಬಂದಿರಬೇಕು, ಸಿಪ್ಪೆ ಹಳದಿಗೆ ತಿರುಗಿ ಗಟ್ಟಿಯಾಗಿರಬೇಕು. ಉಗುರು ಒತ್ತಿ ನೋಡಿ. ಸುಲಭವಾಗಿ ಇಳಿದರೆ ಅದು ಇನ್ನೂ ಎಳೆಯದು, ಈ ವಾರದ ಪಲ್ಯಕ್ಕಿರಲಿ. ಕೊಯ್ಲಿಗೆ ಕೆಲವು ದಿನ ಮೊದಲೇ ನೀರು ನಿಲ್ಲಿಸಿ. ಇಬ್ಬನಿ ಆರಿದ ಮೇಲೆ, ಎರಡು ಬೆರಳಷ್ಟು ತೊಟ್ಟು ಬಿಟ್ಟು ಕತ್ತಿಯಿಂದ ಕೊಯ್ಯಿರಿ. ತಿರುಚಿ ಕಿತ್ತರೆ ತೊಟ್ಟಿನ ಬುಡ ಬಾಯಿ ಬಿಟ್ಟು, ಕೊಳೆ ಅಲ್ಲಿಂದಲೇ ಒಳಹೊಗುತ್ತದೆ.

ತೊಳೆಯಬಾರದು. ಮಣ್ಣಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಒಂದು ವಾರ ಹರಡಿಡಿ. ಆಮೇಲೆ ಆರಿಸಿ: ಕೈತಪ್ಪಿ ಬಿದ್ದದ್ದು, ಗೀರು ಬಿದ್ದದ್ದು, ಸೂಜಿಮೊನೆಯಂಥ ತೂತಿನಿಂದ ಅಂಟು ಒಸರಿದ್ದು ಬೇಡ. ಆ ತೂತು ಹಣ್ಣುನೊಣ ಮೊಟ್ಟೆಯಿಟ್ಟ ಗುರುತು. ಕಟ್ಟಿದರೆ ಹುಳುಗಳೇ ಕೆಳಗೆ ಉದುರುತ್ತವೆ.

ಇನ್ನು ಕಟ್ಟುವುದು. ಒಣ ಬಾಳೆಬಳ್ಳಿಯನ್ನು, ಅಂದರೆ ಬಾಳೆದಿಂಡಿನ ಹೊರಪದರದ ಒಣನಾರನ್ನು, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಕಾಯಿಯ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ಸುತ್ತು ಹಾಕಿ. ಎರಡನ್ನೂ ಅಡಿಯಿಂದ ಹಾದುಬರುವ ಬಳ್ಳಿಯಿಂದ ಜೋಡಿಸಿ, ಮೇಲೆ ಗಂಟು ಬಿಗಿಯಿರಿ. ಭಾರವೆಲ್ಲ ಬಳ್ಳಿಯ ಮೇಲೆ ಬೀಳಬೇಕು. ತೊಟ್ಟಿಗೇ ಕಟ್ಟಿ ನೇತುಹಾಕಿದರೆ ಒಂದು ರಾತ್ರಿ ಧೊಪ್ಪೆಂದು ಬೀಳುತ್ತದೆ. ಸಪೂರ ಪ್ಲಾಸ್ಟಿಕ್ ದಾರ ಸಿಪ್ಪೆಯನ್ನು ಕೊಯ್ಯುತ್ತದೆ. ಬಾಳೆಬಳ್ಳಿ ಸಿಗದ ಪೇಟೆಯವರು ಈರುಳ್ಳಿಯ ಬಲೆಚೀಲದಲ್ಲಿ ಒಂದೊಂದೇ ಕಾಯಿ ಹಾಕಿ ತೂಗಿಸಬಹುದು. ನೋಡಲು ಅಷ್ಟೇನೂ ಚೆಂದವಿಲ್ಲ, ಕೆಲಸ ಆಗುತ್ತದೆ.

ಒಂದು ಕಾಯಿ ಇನ್ನೊಂದಕ್ಕೆ ತಾಗಬಾರದು. ತಾಗಿದಲ್ಲಿ ಪಸೆ ನಿಂತು ಬೂಷ್ಟು ಹಿಡಿಯುತ್ತದೆ. ಹಿಂದೆ ಒಲೆಯ ಬಿಸಿ, ಹೊಗೆಗೆ ಆಟಿಯ ತೇವವೂ ಹುಳಹುಪ್ಪಟೆಯೂ ದೂರವಿರುತ್ತಿದ್ದವು. ಗ್ಯಾಸ್ ಒಲೆಯ ಮನೆಯಲ್ಲಿ ಆ ಕೆಲಸ ಗಾಳಿಯೇ ಮಾಡಬೇಕು. ಬಿಸಿಲು ಬೀಳದ, ಎರಚಲು ತಾಗದ, ಗಾಳಿ ಆಡುವ ಜಾಗ ಹುಡುಕಿ. ಅಪಾರ್ಟ್‌ಮೆಂಟಿನ ಯುಟಿಲಿಟಿಯ ಕೊಕ್ಕೆಯೂ ಆದೀತು. ಬಾಳೆಗೊನೆ ಹಣ್ಣಾಗಲು ತೂಗಿಸಿದ್ದರೆ ಅದು ಬೇರೆ ಕೋಣೆಯಲ್ಲಿರಲಿ. ಅದರಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಸೌತೆ ಬೇಗ ಕೆಡುತ್ತದೆ.

ಇಡೀ ಕಾಯಿಯನ್ನು ಫ್ರಿಜ್ಜಿಗೆ ತುರುಕಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಸೌತೆ, ಕುಂಬಳ ಜಾತಿಯವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪನ್ನು ಬಹುದಿನ ತಡೆಯುವುದಿಲ್ಲ. ಸಿಪ್ಪೆಯಲ್ಲಿ ತಗ್ಗು ಬಿದ್ದು, ಹೊರತೆಗೆದ ಮೇಲೆ ಬೇಗನೆ ಕೊಳೆಯುತ್ತವೆ.

ಬೂದುಗುಂಬಳಕ್ಕೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಮೈಮೇಲಿನ ಬಿಳಿ ಬೂದಿ ಒರೆಸದೆ, ಅಟ್ಟದಲ್ಲಿ ಬೈಹುಲ್ಲು ಹಾಸಿ ಬಿಡಿಬಿಡಿಯಾಗಿ ಇಟ್ಟರಾಯಿತು.

ವಾರಕ್ಕೊಮ್ಮೆ ತಲೆಯೆತ್ತಿ ನೋಡಿ, ಕೈಯಿಂದ ಅದುಮಿ. ಮೆತ್ತಗಾದದ್ದು, ನೀರು ತೊಟ್ಟಿಕ್ಕುವುದು ಕಂಡರೆ ಆಗಲೇ ಇಳಿಸಿ. ಅಡುಗೆಗೆ ಹೆಚ್ಚಿದಾಗ ಚೂರೊಂದನ್ನು ನಾಲಿಗೆಗೆ ತಾಗಿಸಿ: ತೀರ ಕಹಿಯಾಗಿದ್ದರೆ ಬೆಲ್ಲ ಹಾಕಿ ಮುಚ್ಚುವ ಸಾಹಸ ಬೇಡ, ಆ ಕಹಿ ಹೊಟ್ಟೆ ಕೆಡಿಸುತ್ತದೆ, ಇಡೀ ಕಾಯಿ ಎಸೆಯಿರಿ. ಅರ್ಧ ಉಳಿದರೆ ಈಗ ಫ್ರಿಜ್ಜಿನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ಚೆನ್ನಾಗಿ ಬಾಳಿದ ಕಾಯಿಯ ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ.