ಸುರಂಗದ ಟಾಂಕಿಯ ಡೊಮೈನ್, ತರಕಾರಿ ಪಾತಿಯ ರೇಂಜ್

ಪ್ಲಸ್ ವನ್ (ಹನ್ನೊಂದನೇ ತರಗತಿ) ಮಕ್ಕಳಿಗೆ ಡೊಮೈನ್ (ಸೂತ್ರಕ್ಕೆ ಹಾಕಬಹುದಾದ ಬೆಲೆಗಳು), ರೇಂಜ್ (ಆಗ ಸೂತ್ರದಿಂದ ಸಿಗುವ ಬೆಲೆಗಳು) ಹೇಳಿಕೊಡುವಾಗ ನಾನು ಸೂತ್ರದಿಂದ ಶುರುಮಾಡುವುದಿಲ್ಲ. ಏನನ್ನು ಅಳೆಯುತ್ತೇವೆ, ಯಾವ ಮಾನದಲ್ಲಿ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಬರೆಸಿದ ಮೇಲೆಯೇ ಸೂತ್ರ.

ಕಾಸರಗೋಡಿನ ಗುಡ್ಡದ ಬದಿಯಲ್ಲಿ, ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ಟಾಂಕಿ ಎಲ್ಲರೂ ಕಂಡದ್ದೇ. 3000 ಲೀಟರಿನ ಟಾಂಕಿಯಲ್ಲಿ 300 ಲೀಟರ್ ಉಳಿದಿದೆ, ನಿಮಿಷಕ್ಕೆ 6 ಲೀಟರ್ ಬೀಳುತ್ತಿದೆ, ತೋಟದ ವಾಲ್ವ್ ಮುಚ್ಚಿದೆ ಎಂದಿಟ್ಟುಕೊಳ್ಳಿ. ಸ ನಿಮಿಷದ ನಂತರ ನೀರು 300 + 6ಸ. ತುಂಬಲು 2700 ÷ 6 = 450 ನಿಮಿಷ ಬೇಕು. ಹಾಗಾಗಿ ಡೊಮೈನ್ 0ಯಿಂದ 450, ರೇಂಜ್ 300ರಿಂದ 3000. ರೇಂಜನ್ನು 0ಯಿಂದ ಬರೆಯುವವರೇ ಹೆಚ್ಚು. ಉಳಿದಿದ್ದ ನೀರು ಅವರ ಲೆಕ್ಕಕ್ಕೆ ಬರುವುದಿಲ್ಲ. ಸ = 600 ಹಾಕಿದರೆ ಸೂತ್ರ 3900 ಲೀಟರ್ ಎನ್ನುತ್ತದೆ, ಆದರೆ ಅಷ್ಟು ಹೊತ್ತಿಗೆ ನೀರು ಹೊರಗೆ ಹರಿಯುತ್ತಿರುತ್ತದೆ.

ಎಣಿಸುವ ವಸ್ತುವಾದರೆ ಬೇರೆ ಎಚ್ಚರ ಬೇಕು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತು, ಸುಣ್ಣ ಬೆರೆಸಿದ ನೀರು) 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಅಂದರೆ ಲೀಟರಿಗೆ 10 ಗ್ರಾಂ. ಅಡಿಕೆ ಮರಕ್ಕೆ 2 ಲೀಟರ್ ಎಂದು ಹಿಡಿದರೆ ಮರಕ್ಕೆ 20 ಗ್ರಾಂ. 200 ಲೀಟರಿನ ಡ್ರಮ್ಮಿನಲ್ಲಿ 100 ಮರ. ಅರ್ಧ ಮರ ಇಲ್ಲ. ಆದ್ದರಿಂದ ಮರಗಳ ಎಣಿಕೆ ಡೊಮೈನ್ ಆದರೆ, ಮೈಲುತುತ್ತಿನ ಗ್ರಾಂ ಲೆಕ್ಕದ ರೇಂಜ್ 0, 20, 40 ಹೀಗೆ 2000ದವರೆಗೆ ಬಿಡಿ ಬಿಂದುಗಳು. ಗ್ರಾಫಿನಲ್ಲಿ ಗೆರೆ ಎಳೆಯಬಾರದು.

ನಿಜವಾಗಿ ಕಲಿಸುವ ಲೆಕ್ಕ ಮುಂದಿನದು. ಕೆಂಪುಕಲ್ಲಿನ ಗೋಡೆಗೆ ತಾಗಿಸಿ, ಉಳಿದ ಮೂರು ಬದಿಗೆ 40 ಮೀಟರ್ ಬಲೆ ಕಟ್ಟಿ ಆಯತಾಕಾರದ ತರಕಾರಿ ಪಾತಿ ಮಾಡಬೇಕು. ಗೋಡೆಯಿಂದ ಹೊರಟ ಬದಿ ಅ ಮೀಟರ್ ಆದರೆ ಗೋಡೆಗೆ ಎದುರಿನ ಬದಿ 40 − 2ಅ, ವಿಸ್ತೀರ್ಣ ಅ(40 − 2ಅ). ಡೊಮೈನ್ 0 ಮತ್ತು 20ರ ನಡುವೆ. ಎರಡು ತುದಿಗಳನ್ನೂ ಸೇರಿಸಬಾರದು, ಅಲ್ಲಿ ಪಾತಿಯೇ ಇರುವುದಿಲ್ಲ. ತುದಿಗಳನ್ನು ಸೂತ್ರಕ್ಕೆ ಹಾಕಿ ರೇಂಜ್ ಹುಡುಕಿದರೆ ಎರಡು ಕಡೆಯೂ ಸೊನ್ನೆ. ದೊಡ್ಡ ಬೆಲೆ ನಡುವೆ ಇದೆ: ಅ = 10 ಆದಾಗ 200 ಚದರ ಮೀಟರ್. ರೇಂಜ್ 0ಗಿಂತ ಹೆಚ್ಚು, 200ರವರೆಗೆ.

ಈಗ ಗೋಡೆಯ ಉದ್ದ 16 ಮೀಟರ್ ಮಾತ್ರ ಎನ್ನಿ. ಸೂತ್ರ ಬದಲಾಗಲಿಲ್ಲ, ಆದರೆ 40 − 2ಅ ಈಗ 16 ದಾಟುವಂತಿಲ್ಲ. ಅ ಕನಿಷ್ಠ 12 ಇರಬೇಕು. ಶೃಂಗಬಿಂದು, ಅಂದರೆ ವಿಸ್ತೀರ್ಣ ಅತಿ ಹೆಚ್ಚಾಗುತ್ತಿದ್ದ ಅ = 10, ಡೊಮೈನಿನ ಹೊರಗೆ ಹೋಯಿತು. 12ರಿಂದ ಮುಂದೆ ವಿಸ್ತೀರ್ಣ ಇಳಿಯುತ್ತಲೇ ಹೋಗುವುದರಿಂದ ಗರಿಷ್ಠ 12 × 16 = 192. ಶೃಂಗದ ಬೆಲೆ ಬಾಯಿಪಾಠ ಮಾಡಿದವರು ಇಲ್ಲಿಯೂ 200 ಎಂದೇ ಬರೆಯುತ್ತಾರೆ.

ರೇಂಜ್ ಸರಿಯೇ ಎಂದು ನೋಡಲು ನಾನು ಹಿಂದಿನಿಂದ ಬಿಡಿಸಲು ಹೇಳುತ್ತೇನೆ. ವಿಸ್ತೀರ್ಣ 150 ಎಂದರೆ ಅ = 5 ಅಥವಾ 15; 5ಕ್ಕೆ 30 ಮೀಟರ್ ಗೋಡೆ ಬೇಕು, 15 ಸಲ್ಲುತ್ತದೆ, ಹಾಗಾಗಿ 150 ರೇಂಜಿನೊಳಗೆ. 195ಕ್ಕೆ ಸಿಗುವ ಎರಡು ಬೆಲೆಗಳು ಸುಮಾರು 8.4 ಮತ್ತು 11.6, ಎರಡೂ 12ಕ್ಕಿಂತ ಕಡಿಮೆ, 195 ರೇಂಜಿನ ಹೊರಗೆ.